ಕೆರೆಯಲ್ಲಿ ಸಿಕ್ಕ ಬಂಗುಡೆ

ನಮ್ಮ ಅತ್ತಿಗೆ ಕೆರೆಗೆ ಹೋದರೆ ಮೀನು ಹಿಡಿಯುವುದಿಲ್ಲ. ಮೀನಿನ ಮೇಲೆ ಚಾಡಿ ಹೇಳುವ ನೀರನ್ನು ಹಿಡಿದು ತರುತ್ತಾರೆ! ನಂಬಿಕೆ ಬರಲಿಲ್ಲವೇ? ನನಗೂ ಬಂದಿರಲಿಲ್ಲ. ಅಣ್ಣನಿಗೆ ಗೊತ್ತುಮಾಡಿದ ಹುಡುಗಿ ಪ್ರಾಣಿಗಳ ಸಂಶೋಧನೆ ಮಾಡುತ್ತಾಳೆ ಎಂದಾಗ ನಾನು ಕಾಡು, ಜೀಪು, ಹುಲಿ ಎಂದೆಲ್ಲ ಕಲ್ಪಿಸಿಕೊಂಡಿದ್ದೆ. ಅತ್ತಿಗೆ ಶೆಟ್ಟಿಹಳ್ಳಿಯ ನಮ್ಮ ಮನೆಗೆ ತಂದದ್ದು ಒಂದು ಚೀಲ ಖಾಲಿ ಬಾಟಲಿ.

ಅವರ ವಿದ್ಯೆ ಇಷ್ಟೇ. ನೀರಲ್ಲಿರುವ ಜೀವಿಯ ಮೈಯಿಂದ ಚರ್ಮ, ಲೋಳೆ ಏನಾದರೊಂದು ಉದುರುತ್ತಲೇ ಇರುತ್ತದಂತೆ. ನೀರನ್ನು ಸೋಸಿ, ಸೋಸುಕಾಗದದಲ್ಲಿ ಉಳಿದ ಡಿಎನ್‌ಎ ಪರೀಕ್ಷಿಸಿದರೆ ಕೆರೆಯೊಳಗೆ ಯಾರ್ಯಾರ ಬಿಡಾರವಿದೆ ಎಂದು ತಿಳಿಯುತ್ತದೆ. ಪ್ರಾಣಿಯ ಮುಖ ನೋಡಬೇಕಾದ್ದೇ ಇಲ್ಲ! ಸೋಸುವ ಕೆಲಸ ನಮ್ಮ ಊಟದ ಮೇಜಿನ ಮೇಲೆ. ಅದಕ್ಕೂ ಮೊದಲು, ಹೊರಗಿನ ಡಿಎನ್‌ಎ ಸೇರದಂತೆ, ಮೇಜಿಗೆ ಬ್ಲೀಚಿಂಗ್ ನೀರಿನ ಅಭಿಷೇಕ. ಯಾವ ಮಡಿ ಅಜ್ಜಿಯೂ ಇವರ ಮುಂದೆ ನಿಲ್ಲಲಾರಳು. ನಮ್ಮ ಮನೆಯ ಹಪ್ಪಳಕ್ಕೂ ಈಜುಕೊಳದ ವಾಸನೆ ಹತ್ತಿತ್ತು.

ಇನ್ನೊಂದು ವಿಚಿತ್ರವಿದೆ. ಪ್ರತಿ ಸಲವೂ ಒಂದು ಬಾಟಲಿ ಶುದ್ಧ ನೀರನ್ನು ಕೆರೆಯವರೆಗೆ ಕರೆದುಕೊಂಡು ಹೋಗಿ, ಹಾಗೇ ವಾಪಸ್ ಕರೆತರುತ್ತಾರೆ. "ಇದು ಸಾಕ್ಷಿ. ಇದರಲ್ಲಿ ಏನಾದ್ರೂ ಸಿಕ್ಕಿದ್ರೆ ತಪ್ಪು ನಮ್ದು, ಕೆರೇದಲ್ಲ" ಎಂದರು. ನೀರಿಗೂ ವಾಕಿಂಗ್ ಮಾಡಿಸುವವರನ್ನು ನಾನು ನೋಡಿದ್ದು ಅದೇ ಮೊದಲು.

ಕೆರೆಯ ಏರಿಯ ಮೇಲೆ ವಾಕಿಂಗ್ ಬಂದ ಯಜಮಾನರೊಬ್ಬರು ಒಮ್ಮೆ ನಿಂತು ಕೇಳಿದರು: "ಏನಮ್ಮಾ, ಪೂಜೆಗಾ ನೀರು?"

"ಅಲ್ಲ ಸಾರ್, ಟೆಸ್ಟಿಗೆ."

"ಓಹೋ! ಶುಗರ್ ಎಷ್ಟೈತಂತೆ?"

ಅತ್ತಿಗೆ ನಗಲಿಲ್ಲ. "ರಿಪೋರ್ಟ್ ಬರ್ಬೇಕು ಸಾರ್" ಎಂದರು!

ನಗುವ ಸಮಯವೂ ಅದಾಗಿರಲಿಲ್ಲ. ಕೆರೆಯ ಒಂದು ಮೂಲೆಯಲ್ಲಿ ಜೊಂಡು ಬೆಳೆದ ಕೆಸರಿನ ದಂಡೆಯಿದೆ. ಅದಕ್ಕೆ ಕಲ್ಲು ಹಾಸಿ ಕಾರಂಜಿ ಹಾಕಿಸಬೇಕೆಂದು ಬಡಾವಣೆಯ ಕೆರೆ ಸಮಿತಿ ಹೊರಟಿತ್ತು. ಸಮಿತಿಯ ಅಧ್ಯಕ್ಷರು ಗೌಡರು. ಅಪ್ಪನ ಕಾಲದ ರಾಗಿ ಹೊಲದಲ್ಲಿ ಮೂರು ಬಿಲ್ಡಿಂಗ್ ಎಬ್ಬಿಸಿದವರು.

"ಅಲ್ಲಿ ಆಮೆಗಳಿವೆ ಸಾರ್. ದಂಡೆ ಹೋದ್ರೆ ಮೊಟ್ಟೆ ಇಡೋಕೆ ಅವಕ್ಕೆ ಜಾಗ ಇರಲ್ಲ" ಎಂದರು ಅತ್ತಿಗೆ.

"ನಾನು ಇಲ್ಲೇ ಉಟ್ಟಿ ಬೆಳ್ದೋನು ಮೇಡಂ. ಆಮೆ ನೋಡಿ ಇಪ್ಪತ್ ವರ್ಸ ಆಯ್ತು. ಐತೆ ಅಂತ ಪ್ರೂಫ್ ತನ್ನಿ, ದಂಡೆ ಅಂಗೇ ಬಿಟ್ಬುಡ್ತೀನಿ."

ಆ ಭಾನುವಾರವೇ ಮಧ್ಯಾಹ್ನದ ಊಟವಾದ ಮೇಲೆ ನೀರು ತರಲು ಹೊರಟೆವು. ಬಾಟಲಿ ಹಿಡಿಯುವ ಕೆಲಸ ನನ್ನದು. ಕೈಗವಸು ಕೊಟ್ಟಿದ್ದರು. ಬಿಸಿಲಿಗೆ ಬೆವರಿತೆಂದು ಒಂದೇ ಒಂದು ನಿಮಿಷ ಬಿಚ್ಚಿ, ಬಾಟಲಿಗಳ ಮುಚ್ಚಳ ತೆಗೆದಿಟ್ಟೆ. ಅದೇನು ಮಹಾ?

ಎರಡು ವಾರದ ಮೇಲೆ ಅತ್ತಿಗೆ ಲ್ಯಾಬಿನ ರಿಪೋರ್ಟ್ ಹಿಡಿದು ಬಂದರು. "ಆಮೆ ಸಿಕ್ತು." ನಾನು ಕುಣಿಯುವುದೊಂದು ಬಾಕಿ.

"ಬಂಗುಡೆನೂ ಸಿಕ್ತು."

ಸಮುದ್ರದ ಬಂಗುಡೆ ಯಾವ ಬಸ್ಸು ಹತ್ತಿ ಶೆಟ್ಟಿಹಳ್ಳಿಗೆ ಬಂತು?

"ಶುದ್ಧ ನೀರಿನ ಬಾಟಲೀಲೂ ಇದೆ. ಅವತ್ತು ಮಧ್ಯಾಹ್ನ ಏನ್ ತಿಂದಿದ್ದೆ ನೀನು?"

ಎರಡು ವಾರದ ಹಿಂದಿನ ಊಟ ಯಾರಿಗೆ ನೆನಪಿರುತ್ತದೆ? ನನಗಿರಲಿಲ್ಲ, ಬಾಟಲಿಗಿತ್ತು! ಆಮೇಲೆ ನೆನಪಾಯಿತು, ಕರಾವಳಿ ಹೋಟೆಲಿನ ಬಂಗುಡೆ ಫ್ರೈ, ಎರಡು ಪ್ಲೇಟು.

"ಬಂಗುಡೆ ನಂದೇ ಅತ್ತಿಗೆ, ಒಪ್ಕೋತೀನಿ. ಆದ್ರೆ ಆಮೆ ಕೆರೇದೇ ತಾನೆ? ನಾನೇನು ಆಮೆ ತಿಂದಿಲ್ವಲ್ಲ! ಬಂಗುಡೆ ವಿಷ್ಯ ಬಿಟ್ಟು ಆಮೆ ವಿಷ್ಯ ಮಾತ್ರ ಹೇಳಿ."

"ಒಂದು ಸುಳ್ಳು ಹೇಳಿದ ಬಾಟಲಿ ಇನ್ನೊಂದು ನಿಜ ಹೇಳ್ತು ಅಂತ ಹೇಗಪ್ಪಾ ನಂಬೋದು?"

ಕೆರೆ ಸಮಿತಿಯ ಸಭೆಯಲ್ಲಿ ಅತ್ತಿಗೆ ಎಲ್ಲವನ್ನೂ ಹೇಳಿಬಿಟ್ಟರು, ಬಂಗುಡೆಯ ಸಮೇತ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೇಡಂ, ಸೀಗಡಿ ಸಿಕ್ಕಿದ್ರೂ ಹೇಳಿ, ಬಲೆ ತರ್ತೀವಿ!" ಎಂದು ಯಾರೋ ಕೂಗಿದರು. ಮೀನಿನ ವಾಸನೆಯೂ ಆಗದ ಅತ್ತಿಗೆ, "ನೀರು ತೆಗೆಯೋವಾಗ ತಪ್ಪಾಗಿದೆ. ಜವಾಬ್ದಾರಿ ನಂದು" ಎಂದು ನಿಂತಿದ್ದರು. ನನ್ನ ಹೆಸರು ಎತ್ತಲಿಲ್ಲ. ನನಗೆ ಕೂತಿರಲಾಗಲಿಲ್ಲ. ಎದ್ದು, "ಬಂಗುಡೆ ತಿಂದವನು ನಾನು" ಎಂದೆ. ನಗು ಇನ್ನೂ ಜೋರಾಯಿತು.

ಗೌಡರು ಮಾತ್ರ ನಗಲಿಲ್ಲ. "ಕಲ್ಲಿನ ಲಾರಿ ತಿಂಗ್ಳು ತಡೆದು ಬರ್ಲಿ. ಇನ್ನೊಂದ್ಸಲ ನೋಡಿ ಮೇಡಂ. ಅದೇ ಕೊನೆ" ಎಂದರು.

ಆ ಕೊನೆಯ ಅವಕಾಶಕ್ಕೆ ಅತ್ತಿಗೆ ತಮ್ಮ ಲ್ಯಾಬಿನವರನ್ನು ಕರೆಯುತ್ತಾರೆ ಎಂದುಕೊಂಡಿದ್ದೆ. ಮುಂದಿನ ಭಾನುವಾರ ಬೆಳಿಗ್ಗೆ ನನ್ನ ಬಾಗಿಲು ಬಡಿದರು.

"ಬೇಡ ಅತ್ತಿಗೆ, ಈ ಸಲವೂ ಕೆಡಿಸ್ತೀನಿ. ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗಿ."

ಕೆರೆಯ ದಂಡೆಯಲ್ಲಿ ನನ್ನ ಎರಡೂ ಕೈಗೆ ಗವಸು ತೊಡಿಸಿ, ಮೊದಲ ಬಾಟಲಿಯನ್ನು ನನ್ನ ಕೈಗೇ ಕೊಟ್ಟು ಹೇಳಿದರು: "ಇವತ್ತು ನಿನ್ನಷ್ಟು ಹುಷಾರಾಗಿ ಇದನ್ನ ಹಿಡಿಯೋರು ಇನ್ಯಾರಿದ್ದಾರಪ್ಪಾ?"

ಆಮೆ ಇದೆಯೋ ಇಲ್ಲವೋ, ರಿಪೋರ್ಟ್ ಇನ್ನೂ ಬಂದಿಲ್ಲ. ಆ ಹೊತ್ತು ಮಾತ್ರ ನನ್ನ ಕಣ್ಣು ತುಂಬಿಬಂತು. ಒರೆಸಿಕೊಳ್ಳೋಣವೆಂದರೆ ಕೈಯಲ್ಲಿ ಗವಸು! ಮುಖ ಮುಟ್ಟಿಕೊಳ್ಳದೆ, ಬಾಟಲಿಗೆ ಹನಿ ಬೀಳದಂತೆ ತಲೆ ಆಚೆ ತಿರುಗಿಸಿಕೊಂಡು ನಿಂತೆ.