ಐಫೆಲ್ ಗೋಪುರ ಉಂಟೆಂದು ಹೇಳಿದ್ದು ಯಾರು?

ಪ್ಯಾರಿಸ್ಸಿನಲ್ಲಿ ಐಫೆಲ್ ಗೋಪುರ ಎಂಬುದೊಂದಿದೆ ಎಂದು ಇಡೀ ಲೋಕವೇ ನಂಬಿದೆ, ನನ್ನ ಅತ್ತೆಯೊಬ್ಬರನ್ನು ಬಿಟ್ಟು! ಹಾಗೆಂದು ಅವರು ಅದು ಇಲ್ಲವೆಂದು ಸಾಧಿಸುವವರೂ ಅಲ್ಲ. "ಇರಬಹುದು ಮಾರಾಯ್ತಿ. ಇಲ್ಲ ಅಂತ ನಾನು ಹೇಳಿದ್ನಾ? ಉಂಟು ಅಂತ ಹೇಳಿದ್ದು ಯಾರು, ಅದನ್ನು ಮೊದಲು ನೋಡುವ" ಎನ್ನುತ್ತಾರೆ, ಅಷ್ಟೆ. ಇಂಥವರು ದಿನಾ ಸಂಜೆ ಮಕ್ಕಳನ್ನು ಚಾವಡಿಯಲ್ಲಿ ಕೂರಿಸಿಕೊಂಡು ಅದೇ ಐಫೆಲ್ ಗೋಪುರದಂಥ ಲೋಕಪ್ರಸಿದ್ಧ ಕಟ್ಟಡಗಳ ಪಾಠ ಹೇಳುತ್ತಾರೆ ಎಂದರೆ ನೀವು ನಂಬುತ್ತೀರಾ? ದಯವಿಟ್ಟು ನಂಬಬೇಡಿ. ಸುಮ್ಮನೆ ನಂಬುವವರನ್ನು ಕಂಡರೆ ಅವರಿಗೆ ಆಗುವುದಿಲ್ಲ.

ಅತ್ತೆ ಎಂದರೆ ಗಂಡನ ತಾಯಿಯಲ್ಲ, ನನ್ನ ಅಪ್ಪನ ತಂಗಿ. ಪೆರ್ಡೂರಿನ ಆಚೆಯ ಶಾಲೆಯೊಂದರಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಓದು ಕಲಿಸಿ ನಿವೃತ್ತರಾದವರು. ಈಗ ಸಂತೆಕಟ್ಟೆಯಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಇದ್ದಾರೆ. ಹೂಡೆಯ ಕಡೆಯಿಂದ ಮೀನು ತರುವ ಹೆಂಗಸು ಬುಟ್ಟಿ ಇಳಿಸಿ, "ಇವತ್ತಿನದ್ದೇ ಅಕ್ಕ" ಎಂದರೆ, "ಇವತ್ತಿನದ್ದು ಅಂತ ಮೀನು ಹೇಳಿತಾ?" ಎಂದು ಕೇಳುವವರು. ಒಂದು ದಿನ ಆ ಹೆಂಗಸಿಗೂ ರೇಗಿತು. ಬಂಗುಡೆಯ ಕಿವಿರನ್ನು ಬಿಡಿಸಿ ಮುಖದ ಮುಂದೆ ಹಿಡಿದು, "ಹೌದು, ಹೇಳಿತು! ಕೆಂಪು ಉಂಟಲ್ಲ, ಓದಿ!" ಎಂದಳು. ಅತ್ತೆ ಬಗ್ಗಿ ನೋಡಿದರು. ಮರುಮಾತಾಡದೆ ಮೀನು ತೆಗೆದುಕೊಂಡರು. ಆಮೇಲೆ ನನ್ನ ಹತ್ತಿರ, "ಈ ಊರಲ್ಲಿ ಓದು ಬರುವವಳು ಇವಳೊಬ್ಬಳೇ" ಎಂದರು. ಎಂ.ಎ. ಮಾಡಿದ ನಾನು ಪಕ್ಕದಲ್ಲೇ ನಿಂತಿದ್ದೆ!

ನನ್ನ ಮಗಳು ದೀಕ್ಷಾ ಇವರ ಕೈಗೆ ಸಿಕ್ಕಿದ್ದು ನಾಲ್ಕನೇ ತರಗತಿಯಲ್ಲಿ. ಅವಳ ಓದು ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ, ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಕತೆಯಾದರೆ ಅಡ್ಡಿಯಿಲ್ಲ. ಮಾಹಿತಿಯ ಪಾಠ ಬಂತೋ, ಒಂದು ಪುಟವನ್ನು ಗಡಗಡ ಓದಿ ಮುಗಿಸಿ, "ಎಂತ ಓದಿದ್ದು?" ಎಂದು ಕೇಳಿದರೆ ಗೋಡೆ ನೋಡುತ್ತಿದ್ದಳು. "ಹೀಗೇ ಆದರೆ ಮುಂದಿನ ತರಗತಿಗಳಲ್ಲಿ ವಿಜ್ಞಾನ, ಸಮಾಜ ಎರಡೂ ಕಷ್ಟ" ಎಂದರು ಅವಳ ಟೀಚರ್. ನಾನು ಹೆದರಿ ಅತ್ತೆಯ ಹತ್ತಿರ ಕಳಿಸಿದೆ. ಜತೆಗೆ ಪಕ್ಕದ ಮನೆಯ ಅಫ್ರಾ ಕೂಡ ಹೊರಟಳು. ಅವಳ ಅಪ್ಪ ದುಬೈಯಲ್ಲಿ ಕೆಲಸಕ್ಕಿದ್ದಾರೆ.

ಮೂರನೇ ದಿನ ಅತ್ತೆಯ ಮನೆಯ ಮುಂದೆ ಹಾದುಹೋಗುವಾಗ ನಾನು ನಿಂತುಬಿಟ್ಟೆ. ಒಳಗಿನಿಂದ ಮಕ್ಕಳು ಒಟ್ಟಾಗಿ, "ಹೊಗಳಿಕೆ! ಹೊಗಳಿಕೆ! ಬಾಯಿಮಾತು!" ಎಂದು ಕೂಗುತ್ತಿದ್ದರು. ಇದೆಂಥ ಪಾಠ? ಕಿಟಕಿಯಲ್ಲಿ ಇಣುಕಿದೆ. ಗೋಡೆಗೆ ತಾಜಮಹಲಿನ ಕುರಿತ ಅರ್ಧ ಪುಟದ ಬರಹ ಅಂಟಿಸಿತ್ತು. ಅತ್ತೆಯ ವಿಧಾನ ಹೀಗೆ: ಬರೆದವನು ಅಳೆದು, ನೋಡಿ ಬರೆದದ್ದರ ಕೆಳಗೆ ಕೆಂಪು ಗೆರೆ. ಬರೇ ಹೊಗಳಿದ್ದರೆ ನೀಲಿ ಗೆರೆ. ಯಾರೋ ಹೇಳಿದ್ದನ್ನು ಕೇಳಿ ಬರೆದಿದ್ದರೆ ಕಪ್ಪು.

"'ಪ್ರೇಮದ ಅಮರ ಸಂಕೇತ.' ಇದಕ್ಕೆ ಯಾವ ಬಣ್ಣ?" ಎಂದರು ಅತ್ತೆ.

"ನೀಲಿ!"

"ಯಾಕೆ? ಎಷ್ಟು ಪ್ರೇಮ ಅಂತ ಅಳತೆ ಕೊಟ್ಟಿದ್ದಾರಾ?"

"ಇಲ್ಲ!"

ಪಾಪ ಷಹಜಹಾನ್! ಒಂದು ವಾರದಲ್ಲಿ ನೀಲಿ ಪೆನ್ಸಿಲುಗಳೆಲ್ಲ ಮುಗಿದವು. ಕೆಂಪಿನವುಗಳ ಮೊನೆ ಕೂಡ ಸವೆದಿರಲಿಲ್ಲ.

ಮುಂದಿನದು ದುಬೈಯ ಬುರ್ಜ್ ಖಲೀಫಾ. ಇದಕ್ಕೆ ಸಾಕ್ಷಿಯೇ ಉಂಟಲ್ಲ ಎಂದು ಅಫ್ರಾ ಕುಣಿದಾಡಿದಳು. ಅಪ್ಪನಿಗೆ ವಾಯ್ಸ್ ಮೆಸೇಜ್ ಹೋಯಿತು. ಆ ಮನುಷ್ಯ ಅದರ ಎದುರೇ ದಿನಾ ಬಸ್ಸಿನಲ್ಲಿ ಹೋಗಿಬರುವವರು. ಒಮ್ಮೆಯೂ ಮೇಲೆ ಹತ್ತಿದವರಲ್ಲ. ಮಗಳು ಕೇಳಿದಳೆಂದು ರಜೆಯ ದಿನ ಬಿಸಿಲಿನಲ್ಲಿ ಹೋಗಿ ನಿಂತು ಫೋಟೋ ತೆಗೆದು ಕಳಿಸಿದರು. ಕಟ್ಟಡ ಎತ್ತರವಾಯಿತೋ, ಮೊಬೈಲ್ ಚಿಕ್ಕದಾಯಿತೋ, ತುದಿ ಫೋಟೋದ ಒಳಗೆ ಬಂದಿರಲಿಲ್ಲ. ಅತ್ತೆ ಕನ್ನಡಕ ಏರಿಸಿ, ಇಳಿಸಿ, ಮೊಬೈಲನ್ನು ಮೂಗಿಗೆ ತಾಗಿಸಿ ನೋಡಿದರು. "ಇಲ್ಲಿವರೆಗೆ ಉಂಟು ಅಂತ ಬರೆದುಕೊಳ್ಳಿ. ಮೇಲಿನದ್ದು ಆಮೇಲೆ ನೋಡುವ."

ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತದೆ ಎಂದು ಯಾವುದೋ ಪುಸ್ತಕದಲ್ಲಿ ಓದಿದ ದಿನವಂತೂ ಅತ್ತೆಗೆ ಹಬ್ಬ. ಆ ಭಾನುವಾರ ಎಲ್ಲರನ್ನೂ ಕಾಪುವಿನ ಕಡಲತೀರಕ್ಕೆ ಹೊರಡಿಸಿದರು. ಮಕ್ಕಳ ಜತೆ ನಾನು ಏದುಸಿರು ಬಿಡುತ್ತ ದೀಪಸ್ತಂಭ ಹತ್ತಿದೆ. ಅತ್ತೆ ಕೆಳಗೆ ಮರಳಿನಲ್ಲಿ ಕೊಡೆ ಬಿಡಿಸಿ ನಿಂತು, ಮೊಬೈಲಿನಲ್ಲಿ ಕೂಗಿದರು: "ಇಲ್ಲಿ ಒಂದು ಬಲೆಯ ಹಗ್ಗ ಬಿದ್ದಿದೆ. ದೋಣಿಯಿಂದ ನನ್ನ ಕಾಲಿನವರೆಗೆ ಉದ್ದ ಉಂಟು. ಕಾಣ್ತದಾ?"

ದೋಣಿ ಕಾಣುತ್ತಿತ್ತು. ಕೊಡೆಯೂ ಕಾಣುತ್ತಿತ್ತು. ಹಗ್ಗ ಎಲ್ಲಿ? ಮಕ್ಕಳು ಕಣ್ಣು ಕಿರಿದು ಮಾಡಿ ನೋಡಿದರು. ಇದ್ದಕ್ಕಿದ್ದಂತೆ ದೀಕ್ಷಾ, "ಅಮ್ಮ, ಉದ್ದ ಇದ್ದರೆ ಸಾಕಾಗುದಿಲ್ಲ. ದಪ್ಪವೂ ಬೇಕು. ಗೋಡೆಯೂ ಹಾಗೇ ಅಲ್ವಾ? ಚಂದ್ರ ಇದಕ್ಕಿಂತ ಎಷ್ಟೋ ಮೇಲೆ ಉಂಟು!" ಎಂದಳು. ಗೋಡೆ ನೋಡುತ್ತಿದ್ದ ಹುಡುಗಿ ಗೋಡೆಯ ಬಗ್ಗೆ ಮಾತಾಡಿದ್ದು! ನನಗೆ ಖುಷಿಯಾಗಬೇಕಿತ್ತು ತಾನೆ? ಆಗಲಿಲ್ಲ. ಈ ರೋಗ ಇವಳಿಗೂ ಹತ್ತಿತಲ್ಲ ಎಂದು ಗಾಬರಿಯಾಯಿತು.

ಗಾಬರಿ ಸುಳ್ಳಾಗಲಿಲ್ಲ. ಕಾರ್ಕಳದ ಗೊಮ್ಮಟನನ್ನು ನೋಡಲು ಹೋದಾಗ, ಪಕ್ಕದಲ್ಲಿ ನಿಂತಿದ್ದ ಪ್ರವಾಸಿಗನೊಬ್ಬ ತನ್ನ ಮಕ್ಕಳಿಗೆ, "ಇದನ್ನೂ ಶ್ರವಣಬೆಳಗೊಳದ್ದನ್ನೂ ಕೆತ್ತಿದ್ದು ಒಬ್ಬನೇ ಶಿಲ್ಪಿ" ಎಂದು ಗತ್ತಿನಿಂದ ವಿವರಿಸುತ್ತಿದ್ದ. ನನ್ನ ಮಗಳು ಹೋಗಿ ಅವನ ಮುಂದೆ ನಿಂತಳು. "ಮಾಮ, ಅದು ಯಾರು ಹೇಳಿದ್ದು?" ಅವನು ನಕ್ಕ. ಇವಳು ನಗಲಿಲ್ಲ. "ಎರಡರ ನಡುವೆ ನಾನೂರು ವರ್ಷಕ್ಕಿಂತ ಹೆಚ್ಚು ಉಂಟು. ಆ ಶಿಲ್ಪಿ ಅಷ್ಟು ವರ್ಷ ಬದುಕಿದ್ನಾ?" ಅವನ ಮಕ್ಕಳು ಅಪ್ಪನ ಮುಖ ನೋಡಿದರು. ನಾನು ಗೊಮ್ಮಟನ ಮುಖ ನೋಡಿದೆ. ಆ ಹೊತ್ತಿನಲ್ಲಿ ಸುಮ್ಮನೆ ನಗುತ್ತಿದ್ದವನು ಅವನೊಬ್ಬನೇ.

ಪರೀಕ್ಷೆ ಬಂತು. 'ಐಫೆಲ್ ಗೋಪುರ ಎಲ್ಲಿದೆ?' ದೀಕ್ಷಾ ಬರೆದ ಉತ್ತರ: 'ಪ್ಯಾರಿಸ್‌ನಲ್ಲಿದೆ ಎಂದು ಈ ಪಾಠ ಬರೆದವರು ಹೇಳುತ್ತಾರೆ. ಅವರು ಹೋಗಿದ್ದರೋ ಇಲ್ಲವೋ ತಿಳಿಸಿಲ್ಲ.' ಟೀಚರ್ ನನ್ನನ್ನು ಕರೆಸಿದರು. "ಉತ್ತರಕ್ಕೆ ಅಂಕ ಕೊಟ್ಟಿದ್ದೇನೆ. ಆದರೆ ಈಗ ತರಗತಿಯಲ್ಲಿ ನಾನು ಎಂತ ಹೇಳಿದರೂ ನಿಮಗೆ ಹೇಗೆ ಗೊತ್ತು ಅಂತ ಕೇಳ್ತಾಳೆ. ನನಗೆ ಮನೆಗೆ ಹೋಗಿ ಓದಿಕೊಂಡು ಬರಬೇಕಾಗ್ತದೆ!"

ಅಂದು ಸಂಜೆ ನಾನು ಅತ್ತೆಯ ಮನೆಗೆ ಹೋಗಿ ಸ್ವಲ್ಪ ಜೋರಾಗಿಯೇ ಮಾತಾಡಿದೆ. "ಅತ್ತೆ, ಓದು ಕಲಿಸಿ ಅಂದೆ, ಸಂಶಯ ಕಲಿಸಿ ಅನ್ನಲಿಲ್ಲ. ಮಗು ಯಾರನ್ನೂ ನಂಬದ ಹಾಗೆ ಆದರೆ?"

ಅತ್ತೆ ಜಗಳಕ್ಕೆ ಬರಲಿಲ್ಲ. "ನಂಬಬೇಡ ಅಂತ ನಾನು ಹೇಳುದಿಲ್ಲ. ನೋಡಿ ನಂಬು ಅಂತೇನೆ" ಎಂದು ಮೆಲ್ಲಗೆ ಅಂದು, ಪುಸ್ತಕ ಮಡಚಿಟ್ಟರು. ಮರುದಿನದಿಂದ ನಾನು ದೀಕ್ಷಾಳನ್ನು ಕಳಿಸಲಿಲ್ಲ. ಅವಳು ಎರಡು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ಅತ್ತೆಯೇ ಫೋನ್ ಮಾಡಿದರು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಮಣಿಪಾಲದಲ್ಲಿ ಒಂದು ಕಣ್ಣಿನ ಆಪರೇಶನ್ನಿಗೆ ದಿನ ಕೊಟ್ಟಿದ್ದಾರೆ, ಜತೆಗೆ ಬಾ ಎಂದರು. ಫೋನ್ ಇಡುವ ಮೊದಲು, "ಅವಳನ್ನೂ ಕರಕೊಂಡು ಬಾ" ಎಂದರು.

ಆಸ್ಪತ್ರೆಯಲ್ಲಿ ಕಣ್ಣಿಗೆ ಔಷಧದ ಹನಿ ಬಿಟ್ಟು ಕೂರಿಸಿದ ಮೇಲೆ, ನರ್ಸ್ ಮೂರು ಪುಟದ ಒಪ್ಪಿಗೆ ಪತ್ರ ತಂದರು. "ಇಲ್ಲಿ ಒಂದು ಸಹಿ ಹಾಕಿ ಅಮ್ಮ." ಹಾಲಿನ ಪ್ಯಾಕೆಟಿನ ಮೇಲಿನ ಅಕ್ಷರವನ್ನೂ ಓದದೆ ಬಿಡದ ಅತ್ತೆಗೆ ಅಂದು ಎದುರಿನ ಕಾಗದವೇ ಮಂಜುಮಂಜು. ನಾನು ಓದುತ್ತೇನೆಂದು ಕೈಚಾಚಿದೆ.

"ನೀನು ಬೇಡ. ನೀನು ಹಾರಿಸಿ ಓದ್ತೀ" ಎಂದರು ಅತ್ತೆ. "ಮಗಾ, ನೀನು ಓದು."

ದೀಕ್ಷಾ ಓದತೊಡಗಿದಳು. ಅವಸರವಿಲ್ಲ. ಒಂದೊಂದು ವಾಕ್ಯ ಮುಗಿದಾಗಲೂ ನಿಂತು, ಅದರ ಅರ್ಥವನ್ನು ತನ್ನ ಮಾತಿನಲ್ಲಿ ಹೇಳಿದಳು. ಎರಡನೇ ಪುಟದಲ್ಲಿ ಗಕ್ಕನೆ ನಿಂತಳು. ನಾನು ಹಿಂದಿನಿಂದ ಬಗ್ಗಿ ನೋಡಿದೆ. 'ಅಪರೂಪದ ಸಂದರ್ಭಗಳಲ್ಲಿ ದೃಷ್ಟಿ ನಷ್ಟವಾಗುವ ಸಾಧ್ಯತೆ ಇದೆ' ಎಂದಿತ್ತು. ಬೇಡ, ಮುಂದೆ ಹೋಗು ಎಂದು ಕೈಸನ್ನೆ ಮಾಡಿದೆ. ಅವಳು ನನ್ನನ್ನು ನೋಡಿದಳು. ಅತ್ತೆಯನ್ನು ನೋಡಿದಳು. ಮತ್ತೆ ಆ ವಾಕ್ಯವನ್ನು ಒಂದಕ್ಷರ ಬಿಡದೆ ಓದಿದಳು.

ದೀಕ್ಷಾಳೇ ನರ್ಸನ್ನು ಕೇಳಿದಳು: "ಅಪರೂಪ ಅಂದ್ರೆ ಎಷ್ಟು?" ನರ್ಸ್ ಹೋಗಿ ಡಾಕ್ಟರನ್ನು ಕರೆತಂದರು. ಆ ಯುವ ಡಾಕ್ಟರು ಅವಸರ ಮಾಡದೆ, ಸ್ಟೂಲೊಂದನ್ನು ಎಳೆದುಕೊಂಡು ಕೂತು, ತಾವು ಈವರೆಗೆ ಕಂಡದ್ದನ್ನು, ಹಾಗಾಗದಂತೆ ಏನೇನು ಮಾಡುತ್ತೇವೆಂಬುದನ್ನು ಆ ಪುಟ್ಟ ಹುಡುಗಿಗೆ ಬಿಡಿಸಿ ಹೇಳಿದರು.

"ಅರ್ಥ ಆಯ್ತಾ ಮಗಾ?" ಎಂದರು ಅತ್ತೆ.

"ಆಯ್ತು ಅಜ್ಜಿ."

"ಹಾಗಾದ್ರೆ ಪೆನ್ ಕೊಡು."

ದೀಕ್ಷಾ ತೋರುಬೆರಳಿಟ್ಟು ತೋರಿಸಿದ ಜಾಗದಲ್ಲಿ, ಕಾಣದ ಕಾಗದಕ್ಕೆ, ನನ್ನ ಅತ್ತೆ ಸಹಿ ಹಾಕಿದರು.

ಅವರನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದ್ದೇ ತಡ, ದೀಕ್ಷಾ ನನ್ನ ಸೆರಗಿನಲ್ಲಿ ಮುಖವಿಟ್ಟು ಬಿಕ್ಕಿದಳು. "ಅಮ್ಮ, ನಾನು ಅದನ್ನು ಓದಬಾರದಿತ್ತಾ?" ನಾನು ಅವಳ ತಲೆ ನೇವರಿಸಿದೆ. ಹಾರಿಸಲು ಹೇಳಿದವಳು ನಾನೇ ಅಲ್ಲವೇ?

ಆಪರೇಶನ್ ಸರಿಯಾಗಿ ಆಯಿತು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಗಾಲಿಕುರ್ಚಿಯಲ್ಲಿ ಹೊರಗೆ ಬಂದ ಅತ್ತೆ, ಕೈ ಚಾಚಿ ಮೊದಲು ಮುಟ್ಟಿದ್ದು ದೀಕ್ಷಾಳ ಕೆನ್ನೆಯನ್ನು. ಕೆನ್ನೆ ಒದ್ದೆಯಿತ್ತು.

"ಅಯ್ಯೋ, ಅತ್ತದ್ದಾ? ನೀನು ಎಲ್ಲ ಓದಿ ಹೇಳಿದ್ದಕ್ಕೇ ನನಗೆ ಒಳಗೆ ಒಂಚೂರೂ ಹೆದರಿಕೆ ಆಗಲಿಲ್ಲ, ಗೊತ್ತುಂಟಾ?"

ದೀಕ್ಷಾ ಮೂಗೊರೆಸಿಕೊಂಡು ಅವರ ಮುಖವನ್ನೇ ದಿಟ್ಟಿಸಿದಳು. "ನಿಜವಾ ಅಜ್ಜಿ?"

ಅತ್ತೆ ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಇಲ್ಲ ಮಗಾ, ಸುಳ್ಳು ಹೇಳಿದೆ. ತುಂಬ ಹೆದರಿಕೆ ಆಯ್ತು. ಮನೆ ಮುಟ್ಟುವವರೆಗೆ ಈ ಕೈ ಬಿಡಬೇಡ."