ಹನಿರಾಯರ ಸೋಪುಬೇಟೆ

ಸೂಜಿಯ ತುದಿಯಲ್ಲಿ ನೇತಾಡಬೇಕಿದ್ದ ಹನಿ ಅಂದು ಬೆಳಿಗ್ಗೆಯಿಂದ ಬೀಳುತ್ತಲೇ ಇತ್ತು. ಒಂದೊಂದು ಹನಿ ಬಿದ್ದಾಗಲೂ ಹನಿರಾಯರ ಜೀವ ಬಾಯಿಗೆ ಬರುತ್ತಿತ್ತು.

ನೀರು ಪರೀಕ್ಷೆಯ ಕಚೇರಿಯಲ್ಲಿ ಅವರಿಗೆ ಆ ಹೆಸರು ಬಿದ್ದದ್ದೇ ಈ ಕೆಲಸದಿಂದ. ಸೀಸೆಯ ನೀರಿನೊಳಗೆ ಸಿರಿಂಜಿನ ಸೂಜಿ ಇಳಿಸಿ, ಅದರ ತುದಿಯಲ್ಲಿ ಸಾಸಿವೆ ಕಾಳಿನಷ್ಟು ದ್ರಾವಕದ ಹನಿಯನ್ನು ನೇತುಬಿಟ್ಟು ಕಾಯಬೇಕು. ನೀರಿನಲ್ಲಿ ಸೋಪಿದ್ದರೆ ಅದು ಮೆಲ್ಲಗೆ ಹನಿಯೊಳಗೆ ಸೇರಿಕೊಳ್ಳುತ್ತದೆ. ಆ ಹನಿಯನ್ನು ಯಂತ್ರಕ್ಕೆ ಕೊಟ್ಟರೆ ಎಷ್ಟು ಸೋಪೆಂದು ಅದು ಹೇಳುತ್ತದೆ.

"ಇದೂ ಒಂದು ಕೆಲಸವೇ ಅಳಿಯಂದ್ರೇ? ಬಂದು ನಮ್ಮ ಲಾಂಡ್ರಿ ನೋಡ್ಕೊಳ್ಳಿ" ಎಂದು ಮಾವ ಮದುವೆಯಾದಂದಿನಿಂದ ಕರೆಯುತ್ತಲೇ ಇದ್ದರು. ರಾಯರು ನುಣುಚಿಕೊಳ್ಳುತ್ತಲೇ ಇದ್ದರು. ಈಗ ಕಚೇರಿಯ ಹಿಂದಿನ ಚರಂಡಿ ನೊರೆ ಕಾರುತ್ತಿದೆಯೆಂದು ದೂರು ಬಂದಿತ್ತು. ಲಾಂಡ್ರಿಯ ನೀರು ಹರಿಯುವುದು ಅಲ್ಲಿಗೇ.

"ಸಂಜೆಯೊಳಗೆ ರಿಪೋರ್ಟು ಬೇಕು. ಸೋಪು ಬಿಟ್ಟೋರು ಯಾರೇ ಆಗ್ಲಿ, ಬಾಗಿಲಿಗೆ ಬೀಗ!" ಎಂದಿದ್ದರು ಸಾಹೇಬರು.

"ಅಪ್ಪನ ಅಂಗಡಿಗೆ ಬೀಗ ಬಿದ್ರೆ ನೀವು ಮನೆಗೆ ಬರೋದೇ ಬೇಡ" ಎಂದಿದ್ದಳು ಹೆಂಡತಿ.

ಹನಿ ಕಡೆಗೂ ಒಮ್ಮೆ ನಿಂತಿತು. ಸೀಸೆಯಲ್ಲಿದ್ದದ್ದು ಬರೀ ಶುದ್ಧ ನೀರು; ಲೆಕ್ಕ ಸರಿ ಬರುತ್ತದೆಯೇ ಎಂದು ಮೊದಲು ಅದನ್ನೇ ಪರೀಕ್ಷಿಸಬೇಕು. ಯಂತ್ರ ಅದರಲ್ಲೂ ಸೋಪಿದೆ ಎಂದಿತು! ಶುದ್ಧ ನೀರೇ ಹೀಗಾದರೆ ಚರಂಡಿಯ ಲೆಕ್ಕವನ್ನು ನಂಬುವವರು ಯಾರು?

"ಸೂಜಿ ಸ್ವಲ್ಪ ಓರೆ ಹಿಡೀರಿ" ಎಂದರು ಪಕ್ಕದ ಮೇಜಿನವರು. ಕೇಳದೆ ಸಲಹೆ ಕೊಡುವುದು ಅವರ ಚಾಳಿ. ರಾಯರು ಓರೆ ಹಿಡಿದರು; ಹನಿ ಬಿತ್ತು.

"ಉಸಿರು ಬಿಗಿಹಿಡೀರಿ."

ಹಿಡಿದರು; ಈ ಸಲ ರಾಯರೇ ಬೀಳುವಂತಾಯಿತು. ಈ ಸಲಹೆಗಳಲ್ಲೇ ಬೆಳಿಗ್ಗೆ ತಂದ ಚರಂಡಿ ನೀರೂ ಮುಗಿದುಹೋಯಿತು.

ಅಷ್ಟರಲ್ಲಿ ಗಾಜಿನ ಸಾಮಾನು ತೊಳೆಯುವ ಅಕ್ಕ ಬಂದರು. "ನಿಮ್ಮ ಮಾವನ ವಿಷಯ ಅಲ್ವಾ ಅಣ್ಣ? ಅದಕ್ಕೇ ನಿಮ್ಮ ಸೀಸೆಗಳಿಗೆ ಎರಡೆರಡು ಸಲ ಸೋಪಿನ ಪುಡಿ ಹಾಕಿ ಉಜ್ಜಿದೀನಿ. ಹೇಗೆ ಫಳಫಳ ಅಂತಿವೆ ನೋಡಿ!"

ಶುದ್ಧ ನೀರಿಗೆ ಸೋಪು ಸೇರಿದ್ದು ಈ ಸೀಸೆಗಳಿಂದಲೇ! ರಾಯರು ತಲೆಯ ಮೇಲೆ ಕೈ ಹೊತ್ತು ಕೂತರು. ಕಚೇರಿಯಲ್ಲಿ ಇನ್ನು ಸೋಪೇ ಇರಕೂಡದೆಂದು ಮರುಕ್ಷಣವೇ ಎದ್ದು ಅಕ್ಕನ ಕೈಯಿಂದ ಪುಡಿಯ ಡಬ್ಬಿ ಕಸಿದು ಸಿಂಕಿಗೆ ಸುರಿದರು. ಪಕ್ಕದ ಮೇಜಿನವರ ಕೈ ತೊಳೆಯುವ ದ್ರಾವಣವನ್ನು ಸುರಿದರು. ನೆಲ ಒರೆಸುವ ಸೋಪಿನ ನೀರಿಗೂ ಅದೇ ಗತಿಯಾಯಿತು. ಸಾಹೇಬರ ಕೋಣೆಗೂ ನುಗ್ಗಿ ಅವರ ಶಾಂಪೂ ಬಾಟಲಿ ಎತ್ತಿಕೊಂಡರು.

"ಅಯ್ಯೋ, ಅದು ಮಗಳು ಕಳ್ಸಿದ್ದು ಕಣ್ರೀ!" ಎಂದು ಸಾಹೇಬರು ಹಿಂದೆಯೇ ಓಡಿಬಂದರು. ಬಾಟಲಿ ಅಷ್ಟರಲ್ಲಿ ಗೊಳಗೊಳ ಎನ್ನುತ್ತಿತ್ತು.

ಸೀಸೆಗಳನ್ನು ಬಿಸಿನೀರಿನಲ್ಲಿ ಜಾಲಾಡಿ, ಶುದ್ಧ ನೀರಿನಲ್ಲಿ ಜಾಲಾಡಿ, ಮತ್ತೆ ಮತ್ತೆ ಜಾಲಾಡಿ ರಾಯರ ಬೆರಳು ಸುಕ್ಕಾದವು. ಆದರೆ ಹನಿ ಅಲ್ಲಾಡದೆ ನಿಂತಿತು. ಶುದ್ಧ ನೀರು ಶುದ್ಧವೆಂದು ಯಂತ್ರ ಒಪ್ಪಿಕೊಂಡಿತು. ರಾಯರು ಕುಣಿಯುತ್ತ ಹಿತ್ತಲಿಗೆ ಓಡಿ ಹೊಸದಾಗಿ ಚರಂಡಿ ನೀರು ತಂದು ಪರೀಕ್ಷೆಗಿಟ್ಟರು.

ಯಂತ್ರದ ಗೆರೆ ಕಾಗದದ ನೆತ್ತಿಗೆ ಏರಿ ನಿಂತಿತು. ಅಂಥ ಸೋಪನ್ನು ಆ ಯಂತ್ರ ತನ್ನ ಜನ್ಮದಲ್ಲೇ ಕಂಡಿರಲಿಲ್ಲ.

ರಾಯರು ರಿಪೋರ್ಟು ಕೊಟ್ಟರು. ಸಾಹೇಬರು ಮಾವನನ್ನು ಕರೆಸಿದರು.

"ಏನ್ರೀ, ಇವತ್ತು ಇಷ್ಟೊಂದು ಸೋಪು ಬಿಟ್ಟಿದೀರಾ?"

"ಇವತ್ತಾ? ಪರೀಕ್ಷೆ ಇದೆ ಅಂತ ಹೆದ್ರಿ ನಿನ್ನೆಯಿಂದ ಲಾಂಡ್ರಿ ಬಾಗಿಲೇ ತೆಗೆದಿಲ್ವಲ್ಲ ಸ್ವಾಮಿ!"

ಅಕ್ಕ ಚರಂಡಿ ನೀರಿನ ಸೀಸೆಯನ್ನು ಮೂಗಿಗೆ ಹಿಡಿದರು. "ಇದು ಸಾಹೇಬ್ರ ಶಾಂಪೂ ವಾಸನೆ ಅಲ್ವಾ?"

ಸಿಂಕಿನ ನೀರೂ ಹಿಂದಿನ ಚರಂಡಿಗೇ ಹೋಗುತ್ತದೆಂದು ಅಲ್ಲಿ ಅದುವರೆಗೆ ಯಾರೂ ಯೋಚಿಸಿರಲಿಲ್ಲ. ಇಷ್ಟು ದಿನದ ನೊರೆ ಯಾರದೆಂದು ಕೇಳುವ ಧೈರ್ಯ ಈಗಲೂ ಯಾರಿಗೂ ಬರಲಿಲ್ಲ. ಸಾಹೇಬರು ಮಾತಿಗೆ ತಪ್ಪುವವರಲ್ಲ. ಸಿಂಕಿನ ಪೈಪು ಸರಿಯಾಗುವವರೆಗೆ ಕಚೇರಿಗೇ ಬೀಗ ಜಡಿಸಿದರು. ಮಿಕ್ಕವರನ್ನೆಲ್ಲ ಬೇರೆ ಕಚೇರಿಗೆ ಕಳಿಸಿ, ರಾಯರಿಗೆ ಮಾತ್ರ, "ನೀವು ಮನೇಲಿರಿ" ಎಂದರು.

ಬೀದಿಗಿಳಿದ ರಾಯರ ಹೆಗಲ ಮೇಲೆ ಮಾವ ಪ್ರೀತಿಯಿಂದ ಕೈ ಹಾಕಿದರು.

"ನಾಳೆಯಿಂದ ಲಾಂಡ್ರಿಗೆ ಬಂದ್ಬಿಡಿ ಅಳಿಯಂದ್ರೇ. ಸೋಪು ಪೂರ್ತಿ ಹೋಗೋ ತನಕ ಜಾಲಾಡೋರು ಸಿಗ್ದೆ ಒದ್ದಾಡ್ತಿದ್ದೆ."