ಕಾಕಾನ ನಲವತ್ತೊಂದು ಗುಡ್

ನಮ್ಮ ಕಾಕಾನಿಗೆ ಇಂಗ್ಲಿಷಿನಲ್ಲಿ ಒಂದೇ ಒಂದು ಶಬ್ದ ಬರುತ್ತಿತ್ತು. ನಗಬೇಡಿ! ಆ ಒಂದನ್ನು ಅವನು ನಲವತ್ತೊಂದು ಥರ ಹೇಳುತ್ತಿದ್ದ. ಅಷ್ಟು ಥರ ಹೇಳಲು ವಿಲಾಯತಿಯ ದೊರೆಗಾದರೂ ಬರುತ್ತಿತ್ತೋ ಇಲ್ಲವೋ, ನಾ ಕಾಣೆ.

ಆಗ ನಾನು ಮನೋಳಿಯ ಕನ್ನಡ ಸಾಲಿಗೆ ಹೊಸದಾಗಿ ಮಾಸ್ತರನಾಗಿ ಬಂದು ಕಾಕಾನ ಮನೆಯಲ್ಲಿಯೇ ಉಳಿದಿದ್ದೆ. ಕಾಕಾ ವೈದಿಕ. ಸಂಸ್ಕೃತದ ಕೋಶವನ್ನು ಎಂಟು ವರ್ಷಕ್ಕೇ ಬಾಯಿಪಾಠ ಮಾಡಿದವನು. ಎದುರಿಗಿದ್ದವರು ಸೂರ್ಯ ಎಂದರೆ ಸಾಕು, ಸೂರ್ಯನ ಹೆಸರೆಲ್ಲ ಮುಗಿಯುವ ತನಕ ಅವರನ್ನು ಬಿಡುತ್ತಿರಲಿಲ್ಲ. ಇಂಥವನ ಕೈಗೆ ಬೈಲಹೊಂಗಲದ ಸಂತೆಯಲ್ಲಿ, ಬೆಲ್ಲ ಕಟ್ಟಿಕೊಡುವ ರದ್ದಿಯ ನಡುವೆ, ಇಂಗ್ಲಿಷ್ ಡಿಕ್ಷನರಿಯ ನಾಲ್ಕು ಹಾಳೆ ಸಿಕ್ಕವು. ಅದರಲ್ಲಿ 'ಗುಡ್' ಎಂಬ ಶಬ್ದವೊಂದೇ ಎರಡು ಹಾಳೆ ಹಿಡಿದು ಕೂತಿತ್ತು. ನಾನು ಓದಿ ಅರ್ಥ ಹೇಳಿದೆ.

ಕಾಕಾ ಮರುಗಿದ. "ಒಂದ ಶಬ್ದಕ್ಕ ಇಷ್ಟ ಕೆಲಸ ಹಚ್ಯಾರೇನೋ? ಮನುಷ್ಯಾನೂ ಗುಡ್, ಮಾವಿನಹಣ್ಣೂ ಗುಡ್, ಮುಂಜಾನೇನೂ ಗುಡ್! ದಣದ ಸತ್ತ ಹೋದೀತು ಪಾಪ. ನಾಕ ಮಂದಿ ಆಳರ ಕೊಡಬೇಕೋ ಬ್ಯಾಡೋ ಅದಕ್ಕ?"

ಆಳುಗಳು ಅದೇ ಹಾಳೆಯಲ್ಲಿದ್ದವು. ಫೈನ್, ನೈಸ್, ಗ್ರ್ಯಾಂಡ್, ಎಕ್ಸಲೆಂಟ್... ನಾನು ಒಂದೊಂದಾಗಿ ಹೇಳಿಕೊಟ್ಟೆ, ಕಾಕಾ ಅವನ್ನು ಶ್ಲೋಕ ಮಾಡಿದ. "ಫೈನೋ ನೈಸಶ್ಚ ಗ್ರ್ಯಾಂಡಶ್ಚ" ಎಂದು ತುಳಸಿಕಟ್ಟೆ ಸುತ್ತತೊಡಗಿದ. ಎಲ್ಲ ಸೇರಿ ನಲವತ್ತೊಂದು. ಮಂತ್ರವನ್ನು ಅರ್ಧಕ್ಕೆ ಬಿಟ್ಟರೆ ದೋಷವಲ್ಲವೇ? ಹಾಗಾಗಿ ಕಾಕಾ ಏನನ್ನಾದರೂ ಹೊಗಳಲು ಬಾಯಿ ತೆರೆದನೆಂದರೆ ನಲವತ್ತೊಂದೂ ಹೇಳಿಯೇ ಮುಚ್ಚುತ್ತಿದ್ದ.

ಇಂಥ ಬಾಯಿಗೆ ಒಂದು ಕಡೆ ಮಾತ್ರ ಬೀಗ. ಅದು ಊಟದ ಎಲೆಯ ಮುಂದೆ! ಕಾಕಾನದು ಮೌನದ ಊಟ. ಎಲೆಯ ಸುತ್ತ ನೀರು ತಿರುವಿದ ಮೇಲೆ ಪಿಟ್ಟೆನ್ನುವಂತಿಲ್ಲ. ಒಂದು ಮಾತು ಆಡಿದರೂ ಊಟ ಮುಗಿಯಿತು, ಏಳಲೇಬೇಕು. ಬೇಕಾದ್ದಕ್ಕೆ ಬೆರಳು, ಬೇಡವಾದದ್ದಕ್ಕೆ ಅಂಗೈ. ಕೊನೆಗೆ ಮಜ್ಜಿಗೆ ಅನ್ನ ಬಂದಾಗ ಮಾತ್ರ ಎರಡೂ ಕಣ್ಣು ಅರಳುತ್ತಿದ್ದವು. ಮಜ್ಜಿಗೆ ಅನ್ನವೆಂದರೆ ಅವನಿಗೆ ಪ್ರಾಣ.

ಕಾಕಾನ ಹೆಂಡತಿ, ನಮ್ಮ ಕಾಕು, ಮಾಡುತ್ತಿದ್ದ ಎಣ್ಣೆಗಾಯಿ ಉಂಡವರು ಬೆರಳು ಚೀಪುತ್ತ ಮನೆಗೆ ಹೋಗುತ್ತಿದ್ದರು. ಆದರೆ ಮದುವೆಯಾಗಿ ಇಪ್ಪತ್ತೆರಡು ವರ್ಷ ಅವಳು ಬಡಿಸಿದ್ದಕ್ಕೆ ಗಂಡನ ಬಾಯಿಂದ ಒಂದು ಮಾತು ಬಂದಿರಲಿಲ್ಲ. ಅವಳಿಗೆ ಅದೊಂದೇ ಕೊರಗು. ಬಂಗಾರ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ.

"ಕೈ ತೊಳಕೊಂಡ ಮ್ಯಾಲೆ ಹೇಳಲಿಕ್ಕೆ ಏನಾಗೇದ ಕಾಕಾಗ?" ಎಂದು ನಾನು ಕೇಳಿದೆ.

"ಕೈ ತೊಳದ ಮ್ಯಾಲೆ ಯಾರರ ಹೇಳತಾರೋ ತಮ್ಮಾ," ಎಂದಳು ಕಾಕು. "ಬಾಯಾಗ ತುತ್ತ ಇದ್ದಾಗ ಬಂದದ್ದಽ ಖರೆ ಮಾತು."

ಇತ್ತ ಕಾಕಾನ ಗುಡ್ ಊರೆಲ್ಲ ತಿರುಗುತ್ತಿತ್ತು. ಒಮ್ಮೆ ಊರೂರು ನೋಡುತ್ತ ಫಿರತಿಗೆ ಬಂದ ಸಾಹೇಬನೊಬ್ಬ ಹೊಳೆಯ ದಂಡೆಯಲ್ಲಿ ಕುದುರೆಗೆ ನೀರು ಕುಡಿಸುತ್ತಿದ್ದ. ಕಾಕಾ ಎದುರಿಗೆ ನಿಂತು, ಕೈಜೋಡಿಸಿ, ಕುದುರೆಯನ್ನು ತೋರಿಸಿ ಶುರು ಮಾಡಿದ. ಐದನೆಯ ಶಬ್ದಕ್ಕೆ ಸಾಹೇಬ ಮುಗುಳ್ನಕ್ಕ. ಹದಿನೈದಕ್ಕೆ ಟೊಪ್ಪಿಗೆ ತೆಗೆದ. ಇಪ್ಪತ್ತಕ್ಕೆ ಕುದುರೆ ಹತ್ತಿದ. ಕಾಕಾ ಬಿಟ್ಟಾನೆಯೇ? ಕುದುರೆಯ ಜೊತೆ ಹೆಜ್ಜೆ ಹಾಕುತ್ತ ನಲವತ್ತೊಂದನೆಯದನ್ನು ಸವದತ್ತಿಯ ಹಾದಿಯಲ್ಲಿ ಒಂದು ಹರದಾರಿ ದಾಟಿದ ಮೇಲೆ ಒಪ್ಪಿಸಿ, ಬೆವರು ಒರೆಸಿಕೊಳ್ಳುತ್ತ ಮರಳಿದ.

ಇನ್ನೊಮ್ಮೆ ಮುದಿ ಎತ್ತನ್ನು ಮಾರಲು ಬೈಲಹೊಂಗಲಕ್ಕೆ ಹೋದೆವು. ಸುರೇಬಾನದ ರೈತನೊಬ್ಬ ಹಲ್ಲು ಹಿಡಿದು ನೋಡಿ, "ಎತ್ತು ಹೆಂಗೈತ್ರಿ ಸ್ವಾಮ್ಯಾರ?" ಎಂದ. ಹೆಂಗೈತಿ ಎಂದು ಕಾಕಾನನ್ನು ಕೇಳುವುದೇ! ನಲವತ್ತೊಂದೂ ಆಯಿತು. ರೈತ ಬಾಯಿ ತೆರೆದು ಕೇಳಿದ, ನನ್ನಿಂದ ಅರ್ಥ ತಿಳಿದುಕೊಂಡ, ಆಮೇಲೆ ಎತ್ತಿನ ಹಗ್ಗವನ್ನು ಕಾಕಾನ ಕೈಗೇ ಕೊಟ್ಟು ನಮಸ್ಕಾರ ಮಾಡಿದ.

"ಇಷ್ಟ ಛಲೋ ಎತ್ತ ಮಾರಬ್ಯಾಡ್ರಿ. ಮನ್ಯಾಗ ಇಟಕೊಂಡು ಪೂಜಿ ಮಾಡ್ರಿ!"

ಎತ್ತು ನಮ್ಮೊಡನೆಯೇ ಮರಳಿ ಬಂತು. ಕಾಕು ಬಾಗಿಲಲ್ಲಿ ನಿಂತು ನೋಡಿ, "ಕುದರಿಗೆ ಹೇಳಿದ್ರಿ, ಎತ್ತಿಗೂ ಹೇಳಿದ್ರಿ. ನನ್ನ ಎಣ್ಣಿಗಾಯಿ ಏನ ಪಾಪ ಮಾಡೇದ?" ಎಂದಳು.

ಅಂದು ಕಾಕಾ ಉಂಡು, ಕೈ ತೊಳೆದು, ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ನಲವತ್ತೊಂದನ್ನೂ ರಾಗವಾಗಿ ಹೇಳಿದ. ಕಾಕು ಪಾತ್ರೆ ಬೆಳಗುವುದನ್ನು ನಿಲ್ಲಿಸಲಿಲ್ಲ. "ಇವು ಎತ್ತಿಗೆ ಹೇಳಿ ಉಳದವು," ಎಂದಳು. ಕಾಕಾ ಮೊದಲ ಸಲ ಪೆಚ್ಚಾದದ್ದನ್ನು ನಾನು ನೋಡಿದೆ.

ಮುಂದೆ ಊರಿಗೆ ಪ್ಲೇಗು ಬಂತು. ಇಲಿ ಸತ್ತು ಬಿದ್ದವೆಂದು ಎಲ್ಲರೂ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಮೂರನೆಯ ದಿನ ಕಾಕುವಿಗೆ ಜ್ವರ. ಕಾಕಾ ಗುಡಿಸಲಿನ ಮುಂದೆ ಕೂತ, ಎದ್ದ, ಮತ್ತೆ ಕೂತ. ಬಾಯಿಂದ ಒಂದು ಶಬ್ದ ಹೊರಡಲಿಲ್ಲ, ಕನ್ನಡದ್ದೂ ಇಲ್ಲ, ಇಂಗ್ಲಿಷಿನದೂ ಇಲ್ಲ. ದೇವರ ಪುಣ್ಯ, ಅದು ಬರೀ ಚಳಿಜ್ವರ. ಏಳು ದಿನಕ್ಕೆ ಬಿಟ್ಟಿತು. ಎಂದೂ ಅಡಿಗೆಗೆ ಕೈ ಹಚ್ಚದಿದ್ದ ಕಾಕಾ ಎಂಟನೆಯ ದಿನ ತಾನೇ ಒಲೆ ಹೂಡಿ, ಕಣ್ಣು ಮೂಗು ಸುರಿಸುತ್ತ, ಜೋಳದ ನುಚ್ಚು ಮಾಡಿದ. ಕೆಳಗೆ ಹತ್ತಿತ್ತು, ಮೇಲೆ ಬೆಂದಿರಲಿಲ್ಲ, ಉಪ್ಪು ಎರಡು ಸಲ ಬಿದ್ದಿತ್ತು.

ಕಾಕು ಒಂದು ತುತ್ತು ಬಾಯಿಗಿಟ್ಟಳು. ಅದನ್ನು ನುಂಗುವ ಮೊದಲೇ, "ಛಲೋ ಆಗೇದ್ರಿ," ಎಂದಳು.

ಕಾಕಾ ಅವಳ ಮುಖ ನೋಡುತ್ತಲೇ ಉಳಿದ. ಆಮೇಲೆ ತಾನೂ ಒಂದು ತುತ್ತು ತಿಂದು ನೋಡಿ, ಎದ್ದು ಹೊಲದ ಬದುವಿನ ತನಕ ನಡೆದುಹೋದ. ನಾನು ಹಿಂದೆ ಹೋದೆ. ಅಳುತ್ತಿದ್ದ.

"ಎಂಥಾ ಸುಳ್ಳ ಹೇಳಿದಳೋ!" ಎಂದ. "ಒಂದ ತುತ್ತಿಗೆ ಹೇಳಿದಳು. ನಾ ಇಪ್ಪತ್ತೆರಡ ವರ್ಷ ಉಂಡೇನಿ."

ಮನೆಗೆ ಮರಳಿದ ದಿನ ಕಾಕು ಎಣ್ಣೆಗಾಯಿ ಮಾಡಿದಳು. ಕಾಕಾ ಎಲೆಗೆ ನೀರು ತಿರುವಿದ. ಮೊದಲ ತುತ್ತು ಬಾಯಿಗೆ ಹೋಯಿತು. ತುತ್ತು ಬಾಯಲ್ಲಿದ್ದಾಗಲೇ ಕಾಕಾ ಗಟ್ಟಿಯಾಗಿ, "ಛಲೋ ಆಗೇದ!" ಎಂದುಬಿಟ್ಟ. ನಿಯಮದಂತೆ ಎಲೆ ಬಿಟ್ಟು ಎದ್ದ.

ಕಾಕು ಸೌಟು ಹಿಡಿದು ನಿಂತಲ್ಲೇ ನಿಂತಳು. "ಅಯ್ಯ, ಒಂದ ಮಾತಿನ ಸಲವಾಗಿ ಹಸಕೊಂಡ ಏಳತಾರೇನ್ರಿ? ಮಜ್ಜಿಗಿ ಅನ್ನಾ ಇನ್ನೂ ಬಡಿಸೇ ಇಲ್ಲ!" ಎನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನ ಕಾಕಾ ಸ್ವಲ್ಪ ಜಾಣನಾದ. ಎಲ್ಲ ಉಂಡು, ಮಜ್ಜಿಗೆ ಅನ್ನ ಬಡಿಸುವುದಕ್ಕೆ ತುಸು ಮುಂಚೆ, ಎಣ್ಣೆಗಾಯಿಯ ಕೊನೆಯ ತುತ್ತಿಗೆ ಆ ಮಾತು ಹೇಳಿ ಎದ್ದ. ಹೀಗೆ ನಾಲ್ಕು ದಿನ, ಪ್ರಾಣದಂಥ ಮಜ್ಜಿಗೆ ಅನ್ನ ಬಿಟ್ಟು. ಐದನೆಯ ದಿನ ಕಾಕು ಎಲೆಗೆ ಮೊಟ್ಟಮೊದಲು ಮಜ್ಜಿಗೆ ಅನ್ನವನ್ನೇ ಬಡಿಸಿದಳು. ಆಮೇಲೆ ಉಳಿದ ಅಡಿಗೆ.

ಕಾಕಾ, ಕಾಕು ಇಬ್ಬರೂ ಈಗಿಲ್ಲ. ನಮ್ಮ ಮನೆಯಲ್ಲಿ ಇವತ್ತಿಗೂ ಊಟ ಮಜ್ಜಿಗೆ ಅನ್ನದಿಂದಲೇ ಶುರುವಾಗುತ್ತದೆ. ಬೀಗರು ನಗುತ್ತಾರೆ, ನಗಲಿ. ಕೊನೆಯ ತುತ್ತು ಬಾಯಲ್ಲಿರುವಾಗಲೇ ನಾನು ನನ್ನ ಹೆಂಡತಿಗೆ ಹೇಳಬೇಕಾದ್ದನ್ನು ಹೇಳಿ ಏಳುತ್ತೇನೆ.